ಅಡುಗೆಮನೆಯ ಮೇಜಿನ ಸುಟ್ಟ ಕಲೆ

ವಿಜ್ಞಾನಿಯ ತಂಗಿಗೆ ಎಪ್ಪತ್ತೆಂಟು ವರ್ಷ. ತಾನು ಹುಟ್ಟಿ ಬೆಳೆದ ಮನೆಗೆ ಅವಳು ಈಗ ಟಿಕೆಟ್ ತೆಗೆದುಕೊಂಡು ಬಂದಿದ್ದಳು. ಅಣ್ಣ ತೀರಿಕೊಂಡ ಎರಡು ವರ್ಷಕ್ಕೆ ಮನೆ ಮ್ಯೂಸಿಯಂ ಆಗಿತ್ತು. ಶಾಖದ ಬಗ್ಗೆ ಲೋಕವೇ ತಲೆದೂಗುವಂತೆ ಬರೆದ ಪುಣ್ಯಾತ್ಮ, ಒಂದು ಕಾಗದವನ್ನೂ ಇಟ್ಟ ಜಾಗದಲ್ಲಿ ಹುಡುಕಿ ತೆಗೆದವನಲ್ಲ. ಅವನ ಓದುವ ಕೋಣೆ ಈಗ ಎಷ್ಟು ಒಪ್ಪವಾಗಿತ್ತೆಂದರೆ ಅವಳಿಗೆ ನಗು ತಡೆಯಲಾಗಲಿಲ್ಲ.

ಅಡುಗೆಮನೆಗೆ ಬಂದಾಗ ನಗು ನಿಂತಿತು. ಮರದ ಮೇಜಿನ ಮೇಲಿದ್ದ ಸುಟ್ಟ ಕಲೆಗೆ ಗಾಜು ಮುಚ್ಚಿ, ಪಕ್ಕದಲ್ಲಿ ಫಲಕ ಇಟ್ಟಿದ್ದರು: ‘ಹನ್ನೊಂದನೇ ವಯಸ್ಸಿನಲ್ಲಿ ಮಾಡಿದ ಮೊದಲ ಪ್ರಯೋಗದ ಗುರುತು.’ ಕಲೆ ಮುಂದೆ ಚೂಪು, ಹಿಂದೆ ಚಪ್ಪಟೆ. ಒಂದು ಸಲವಾದರೂ ಇಸ್ತ್ರಿಪೆಟ್ಟಿಗೆ ಹಿಡಿದವರು ನೋಡಿದ ಕೂಡಲೇ ಹೇಳುತ್ತಿದ್ದರು. ಫಲಕ ಬರೆದ ಪಂಡಿತರ ಕಣ್ಣಿಗೆ ಮಾತ್ರ ಅದು ಬಿದ್ದಿರಲಿಲ್ಲ. ಯಾರೂ ಏನೂ ಕೇಳದಿದ್ದರೂ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಆಮೇಲೆ ಮ್ಯೂಸಿಯಂ ನೋಡಿಕೊಳ್ಳುವ ಯುವ ಅಧಿಕಾರಿಯನ್ನು ಕರೆಸಿದಳು.

“ಇದು ನಾನು ಮಾಡಿದ್ದಪ್ಪ. ಆಗ ನನಗೆ ಏಳು ವರ್ಷ. ಗೊಂಬೆ ಬಟ್ಟೆಗೆ ಇಸ್ತ್ರಿ ಹಾಕ್ತಾ ಹಾಕ್ತಾ ಪೆಟ್ಟಿಗೆ ಅಲ್ಲೇ ಬಿಟ್ಟು ಆಡೋಕೆ ಹೋದೆ. ಅಪ್ಪ ಕೋಲು ತಗೊಂಡು ಬಂದಾಗ ಅಣ್ಣ, ‘ನಾನೇ, ಪ್ರಯೋಗ ಮಾಡ್ತಿದ್ದೆ’ ಅಂದುಬಿಟ್ಟ. ನಾನು ಬಾಗಿಲ ಹಿಂದೆ ನಿಂತು ಎಲ್ಲಾ ಕೇಳಿಸ್ಕೊಂಡೆ, ಬಾಯಿ ಬಿಡಲಿಲ್ಲ. ಅಪ್ಪ ಸತ್ತ ಮೇಲೂ ಬಿಡಲಿಲ್ಲ. ನಾನು ಕಣ್ಣು ಮುಚ್ಚೋದ್ರೊಳಗೆ ಈ ಬೋರ್ಡ್ ಸರಿಯಾಗ್ಬೇಕು.”

ಅಧಿಕಾರಿ ತಲೆ ಕೆರೆದುಕೊಂಡ. “ಅಜ್ಜಿ, ಅವರೇ ಹೇಳಿದ್ದಲ್ವಾ ಇದು? ಕೊನೇ ಸಂದರ್ಶನದಲ್ಲೂ ಹಾಗೇ ಹೇಳಿದ್ದಾರೆ. ರೆಕಾರ್ಡಿಂಗ್ ಇದೆ.”

ಅದು ಅವಳಿಗೆ ಗೊತ್ತಿರಲಿಲ್ಲ. ಹೊಡೆಯುವ ಅಪ್ಪ ಸತ್ತು ನಲವತ್ತು ವರ್ಷವಾದ ಮೇಲೂ ಎಂಬತ್ತರ ಆ ಮುದುಕ ತಂಗಿಯನ್ನು ಬಿಟ್ಟುಕೊಟ್ಟಿರಲಿಲ್ಲ. ಅವಳಿಗೆ ಅಣ್ಣನ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

“ಬದಲಾಯಿಸಿದ್ರೆ ಇದರಲ್ಲಿ ವಿಜ್ಞಾನ ಎಲ್ಲಿ ಉಳೀತು?” ಅಧಿಕಾರಿ ಮೆತ್ತಗೆ ಕೇಳಿದ. ಶಾಲೆ ಮಕ್ಕಳು ಹೆಚ್ಚು ಹೊತ್ತು ನಿಲ್ಲುತ್ತಿದ್ದದ್ದು ಈ ಮೇಜಿನ ಮುಂದೆಯೇ.

“ಉಳಿದ ಕೋಣೆಗಳ ತುಂಬಾ ವಿಜ್ಞಾನಾನೇ ಇದೆಯಲ್ಲಪ್ಪ. ಇದು ಅಡುಗೆಮನೆ. ಬರ್ಕೋ.”

ಅವನು ಜೇಬಿನಿಂದ ಪೆನ್ನು ತೆಗೆದ. ಎಪ್ಪತ್ತೊಂದು ವರ್ಷ ನುಂಗಿಕೊಂಡಿದ್ದನ್ನು ಅವಳು, ಅವನಿಗೆ ಬರೆದುಕೊಳ್ಳಲು ಬಿಡುವು ಕೊಡುತ್ತಾ, ನಿಧಾನವಾಗಿ ಹೇಳಿದಳು:

“ಸುಟ್ಟವಳು ತಂಗಿ. ಏಟು ತಿಂದವನು ಅಣ್ಣ.”