ಎಂಟು ದಿನದ ಕಸ

ಊರಿಗೆ ಹೊರಟವರು ತಲುಪುವ ತನಕ ಮನೆ ಗುಡಿಸಬಾರದು. ಅತ್ತೆ ಹೇಳಿಕೊಟ್ಟದ್ದು, ನಾನೂ ಪಾಲಿಸುತ್ತೇನೆ. ಆದರೆ ಸಿರುಗುಪ್ಪದಿಂದ ಬಳ್ಳಾರಿಗೆ ಬಸ್ಸಿನಲ್ಲಿ ಒಂದೂವರೆ ತಾಸು. ಮಗಳು ಗಂಗೋತ್ರಿ ನರ್ಸಿಂಗ್ ಓದಲು ಅಲ್ಲಿನ ಹಾಸ್ಟೆಲ್ ಸೇರಿ ಎಂಟು ದಿನವಾದರೂ ನನ್ನ ಗಂಡ ಚಿದಾನಂದಪ್ಪ ಅವಳ ಕೋಣೆಗೆ ಕಸಬರಿಗೆ ತರಗೊಡಲಿಲ್ಲ.

"ಆಕಿ ಅಲ್ಲಿ ಇನ್ನಾ ಹೊಂದಿಕೊಂಡಿಲ್ಲ. ಮುಟ್ಯಾಳ ಅಂತ ಹೆಂಗ ಅಂತಿ?" ಎಂದರು.

ಒಳಗೆ ಏನಿತ್ತು ಗೊತ್ತೇ? ಹೊರಡುವ ಗಡಿಬಿಡಿಯಲ್ಲಿ ಅವಳು ಅರ್ಧ ತಿಂದಿಟ್ಟ ಒಗ್ಗರಣೆ ಮಂಡಕ್ಕಿ, ಕಚ್ಚಿಬಿಟ್ಟ ಮಿರ್ಚಿ. ಬೂಷ್ಟು ಹಿಡಿದು ಇರುವೆ ಮುತ್ತಿ ನಾರುತ್ತಿತ್ತು. ಪಕ್ಕದಲ್ಲೇ ಈ ಮಹಾರಾಯರು ಮಂಚದ ಮೇಲೆ ಕೂತು, ಬಾಚಣಿಗೆಗೆ ಅಂಟಿದ ಕೂದಲು ನೇವರಿಸುತ್ತ, ಕುರುಗೋಡಿನ ತಂಗಿಗೆ ಫೋನ್ ಮಾಡಿ ಅಳುತ್ತಿದ್ದರು. ನನಗೆ ವಾಕರಿಕೆ ಬಂತು, ತಟ್ಟೆ ನೋಡಿಯೋ ಅವರನ್ನು ನೋಡಿಯೋ ಹೇಳಲಾರೆ. ಹದಿನೆಂಟು ವರ್ಷ ಒಂದೇ ಸೂರಿನಡಿ ಇದ್ದ ಮಗಳನ್ನು ಒಂದು ದಿನವೂ "ಊಟ ಆತೇನವಾ" ಎಂದು ಕೇಳದ ಬಾಯಿ ಅದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವುದು ಇಂಥವರಿಗೇ.

ಅದನ್ನೂ ಸಹಿಸುತ್ತಿದ್ದೆನೇನೋ. ಸಂಜೆ ಹಿತ್ತಲಲ್ಲಿ ಅವರು ಮೊಬೈಲ್ ಹಿಡಿದು ಪಿಸುಗುಟ್ಟುವುದು ಕಿವಿಗೆ ಬಿತ್ತು.

"ನಿಮ್ಮವ್ವ ಅನ್ನ ಬಿಟ್ಟಾಳವಾ, ಹಾಸಿಗಿ ಹಿಡದಾಳ. ಸಾಕು ಆ ಕಾಲೇಜು, ಬಂದುಬಿಡು. ಇಲ್ಲೇ ಏನರ ಓದಿದ್ರಾತು."

ಆಗಷ್ಟೇ ಎರಡು ರೊಟ್ಟಿ ತಿಂದು ಕೈ ತೊಳೆಯಲು ಬಂದವಳು ನಾನು. ಮೈಯೆಲ್ಲ ಹೇಸಿತು. ಆ ಸೀಟಿಗಾಗಿ ಹುಡುಗಿ ಎರಡು ವರ್ಷ ಹಟ ಹಿಡಿದು ಓದಿದ್ದಳು. ಇವರಿಗೆ ಮನೆ ಬಿಕೋ ಎನ್ನುತ್ತದೆಂದು ಅವಳ ಓದು ಮಣ್ಣುಪಾಲಾಗಬೇಕೇ? ಅದೂ ನನ್ನ ಹೆಸರು ಹೇಳಿ? ಫೋನ್ ಕಸಿದುಕೊಂಡೆ.

"ನಿಮ್ಮಪ್ಪ ಸುಳ್ಳು ಹೇಳ್ಯಾರ. ನಾನು ಗುಂಡುಕಲ್ಲಿನಂಗ ಅದೀನಿ."

"ಅಪ್ಪ ಮುಂಜಾನೇನ ಹೇಳಿದ್ದ, ಬ್ಯಾಗ್ ತುಂಬೀನಿ ಯವ್ವಾ. ಏಳಕ್ಕ ಬಸ್ ಐತಿ."

"ತುಂಬಿದ್ದು ಹೊರಗ ತೆಗಿ."

ಅವಳು ಸಣ್ಣ ದನಿಯಲ್ಲಿ ಕೇಳಿದಳು, "ನನ್ನ ನೆನಸಿ ಒಂದಿನಾನೂ ಅತ್ತಿಲ್ಲೇನು?"

ದಿನಾ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೆ. ಅದನ್ನು ಹೇಳಿದರೆ ಏಳರ ಬಸ್ಸು ಹತ್ತುತ್ತಾಳೆ.

"ಯಾಕ ಅಳಲಿ? ಕೆಲಸ ಕಡಿಮಿ ಆಗೇತಿ ನನಗ."

"ಸರಿ ಬಿಡು," ಎಂದು ಫೋನ್ ಇಟ್ಟಳು.

ಗಂಡ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರ ಮುಖದಲ್ಲೂ ಹೇಸಿಗೆಯಿತ್ತು.

"ಥೂ, ನೀನೊಬ್ಬಾಕಿ ತಾಯೇನಲೇ?"