ಅರೆಯುವ ಕಲ್ಲು ಇಳಿಯಿತು, ಅಕ್ಕಿ ಇಳಿಯಲಿಲ್ಲ

ತಿರುಗಾಟಕ್ಕೆ ಹೋಗಿ ಬಂದ ಮಾರನೆಯ ದಿನ ನಿಮ್ಮ ಮನೆಯಲ್ಲಿ ಯಾರ ಸೊಂಟ ಹಿಡಿದುಕೊಳ್ಳುತ್ತದೆ? ಮೊದಲು ಅದನ್ನು ಯೋಚಿಸಿ, ಆಮೇಲೆ ಈ ಕಥೆ ಓದಿ. ನಮ್ಮ ಎರ್ನಾಕುಲಂ ಕನ್ನಡ ಸಂಘದಲ್ಲಿ ವರ್ಷವರ್ಷವೂ ಹಿಡಿದುಕೊಳ್ಳುತ್ತಿದ್ದದ್ದು ಕೌಸಲ್ಯಕ್ಕನ ಸೊಂಟ.

ಕೌಸಲ್ಯಕ್ಕ ನಮ್ಮ ಖಜಾಂಚಿ ಸುಬ್ರಾಯರ ಹೆಂಡತಿ. ಸುಬ್ರಾಯರು ಪುತ್ತೂರು ಕಡೆಯವರು, ಇಲ್ಲಿ ಬ್ಯಾಂಕಿನಲ್ಲಿ ಹೆಡ್ ಕ್ಲಾರ್ಕು. ಕಾರ್ತಿಕ ಮಾಸ ಬಂತೆಂದರೆ ಅವರಿಗೆ ವನಭೋಜನದ ಹುಚ್ಚು. ನೆಲ್ಲಿಮರದ ಕೆಳಗೆ ಉಣ್ಣಬೇಕು. ಅಲ್ಲಿಯೇ ಬೇಯಿಸಿ ಉಣ್ಣಬೇಕು. ಬೇಯಿಸುವ ಸಾಮಾನೆಲ್ಲ ಮನೆಯಿಂದಲೇ ಬರಬೇಕು. ಹೋದ ಕಡೆ ನೆಲ್ಲಿಮರ ಇಲ್ಲದಿದ್ದರೆ? ಅದಕ್ಕೂ ಅವರಲ್ಲಿ ಉಪಾಯವಿತ್ತು. ಬಕೆಟ್ಟಿನಲ್ಲಿ ಮಣ್ಣು ತುಂಬಿ, ಒಂದು ನೆಲ್ಲಿ ಕೊಂಬೆ ನೆಟ್ಟು, ಅದನ್ನೂ ಹೊತ್ತುಕೊಂಡು ಹೋಗುವುದು. ಆ ಕೊಂಬೆಯ ನೆರಳಿನಲ್ಲಿ ಒಂದು ಬೆಕ್ಕು ಕೂತು ಉಣ್ಣಬಹುದಿತ್ತು, ಅದೂ ಸಣ್ಣ ಬೆಕ್ಕಾದರೆ.

ಅಲ್ಲಿಗೆ ಹೋದ ಮೇಲೆ ಗಂಡಸರು ಇಸ್ಪೀಟು ಹಾಕುವರು. ಮಕ್ಕಳು ನೀರಿಗಿಳಿಯುವರು. ಕೌಸಲ್ಯಕ್ಕ ಪಂಪ್ ಸ್ಟೌವಿನ ಮುಂದೆ ಕೂರುವರು. ಚೆರಾಯಿಯ ಕಡಲಿರಲಿ, ಆಲುವಾಯ ಹೊಳೆಯಿರಲಿ, ಅವರು ನೋಡಿದ್ದು ಅದೇ ಸ್ಟೌವನ್ನು.

ಎಪ್ಪತ್ತೆರಡನೇ ಇಸವಿಯಲ್ಲಿ ತಿರುವನಂತಪುರದಿಂದ ಇಂದುಮತಿ ಬಂದರು. ಅವರು ಮೈಸೂರಿನವರು, ತಿರುವನಂತಪುರ ಕನ್ನಡ ಸಂಘದ ಕಾರ್ಯದರ್ಶಿ. ಯಜಮಾನರು ನಟರಾಜ್ ತುಂಬಾದ ರಾಕೆಟ್ ಕೇಂದ್ರದಲ್ಲಿ ಕೆಲಸಕ್ಕಿದ್ದರು. ಸುಬ್ರಾಯರ ಮನೆಯಲ್ಲಿ ಕಾಫಿ ಕುಡಿಯುತ್ತಾ ಇಂದುಮತಿ ಮಾತು ತೆಗೆದರು.

"ಈ ಸಲ ಒಬ್ಬೊಬ್ಬರೇ ಹೋಗೋದು ಬೇಡ ಸುಬ್ರಾಯರೇ. ಕೋಯಿಕ್ಕೋಡು, ಪಾಲಕ್ಕಾಡು, ನೀವು, ನಾವು, ಕೇರಳದಲ್ಲಿರೋ ಸಂಘಗಳೆಲ್ಲ ಸೇರಿ ಒಂದು ಒಕ್ಕೂಟ ಮಾಡೋಣ. ಈ ವರ್ಷ ಮೊದಲು ನೀವು ನಮ್ಮ ವೇಳಿ ಕಾಯಲಿಗೆ, ಅಂದ್ರೆ ಹಿನ್ನೀರಿಗೆ, ಬನ್ನಿ. ಮುಂದೊಂದು ವರ್ಷ ನಿಮ್ಮ ಹಿನ್ನೀರು ನೋಡೋಕೆ ನಾವು ಬರ್ತೀವಿ. ಊಟ, ದೋಣಿ ಎಲ್ಲ ಆಯಾ ಊರಿನವರಿಗೇ ಒಪ್ಪಿಸೋಣ."

"ಎಲ್ಲ ಸಂಘ ಸೇರಿದ್ರೆ ಖಜಾಂಚಿ ಯಾರು?" ಸುಬ್ರಾಯರ ಮೊದಲ ಪ್ರಶ್ನೆ.

"ನೀವೇ ಆಗಿ."

"ಹಾಗಾದ್ರೆ ಅಡ್ಡಿ ಇಲ್ಲ. ಆದ್ರೆ ಊಟ ಮಾತ್ರ ನಮ್ಮದು ನಮಗೆ. ಹೊರಗಿನ ಊಟಕ್ಕೆ ನನ್ನ ಹೊಟ್ಟೆ ಕೇಳುವುದಿಲ್ಲ."

"ಸ್ವಲ್ಪ ಕೇಳಿ ಸುಬ್ರಾಯರೇ. ಕಾಯಲಿನ ದಡದಲ್ಲಿ ದಾಕ್ಷಾಯಣಿ ಅಂತ, ಚಹಾದಂಗಡಿ ಇಟ್ಟಿದ್ದಾರೆ. ಗಂಡ ಅಚ್ಯುತನ್ ದೋಣಿ ನಡೆಸ್ತಾರೆ. ಭಾನುವಾರ ಜನ ಬರ್ತಾರೆ, ತಂದ ಬುತ್ತಿ ತಿಂತಾರೆ, ಎಲೆ ಬಿಸಾಕಿ ಹೋಗ್ತಾರೆ. ಆ ಎಲೆ ಗುಡಿಸೋದು ದಾಕ್ಷಾಯಣಿ. ಹೀಗೇ ಆದ್ರೆ ದೋಣಿ ಮಾರಿಬಿಡ್ತೀವಿ ಅಂತಿದ್ದಾರೆ. ಆಮೇಲೆ ನಾವೆಲ್ಲ ದಡದಲ್ಲಿ ನಿಂತು ನೀರು ನೋಡಬೇಕು, ಅಷ್ಟೆ. ಜನ ಹೊರಗೆ ಸುತ್ತಾಡಿದ್ರೆ ಆ ಊರಿಗೂ ನಾಲ್ಕು ಕಾಸು ಹುಟ್ಟಬೇಕು. ಆಗ ಅವರೂ ಆ ಜಾಗವನ್ನ ಚೆನ್ನಾಗಿ ಇಟ್ಕೋತಾರೆ."

ಅಡಿಗೆಮನೆಯ ಬಾಗಿಲಲ್ಲಿ ಕೌಸಲ್ಯಕ್ಕ ನಿಂತಿದ್ದರು. "ದೋಣಿ ಎಲ್ಲಿವರೆಗೆ ಹೋಗ್ತದೆ ಇಂದುಮತಿ?"

"ಕಡಲಿನ ಹತ್ತಿರ ಮರಳದಿಬ್ಬ ಇದೆಯಲ್ಲ ಅಕ್ಕ, ಅಲ್ಲೀವರೆಗೂ."

"ಮಾರುವ ಮೊದಲು ನಾನೊಮ್ಮೆ ಅದರಲ್ಲಿ ಕೂತ್ಕೊಳ್ಳಬೇಕು."

"ಕೂತ್ಕೋ, ಯಾರು ಬೇಡ ಹೇಳಿದ್ದು?" ಎಂದರು ಸುಬ್ರಾಯರು. "ಅಡಿಗೆ ಮುಗಿಸಿ ಕೂತ್ಕೋ."

ಕೌಸಲ್ಯಕ್ಕ ಒಳಗೆ ಹೋದರು. ಪಾತ್ರೆಗಳು ತುಸು ಜೋರಾಗಿ ಮಾತಾಡಿದವು.

ಹೊರಡುವ ದಿನ ಎರ್ನಾಕುಲಂ ಸ್ಟೇಷನ್ನಿನ ಪೋರ್ಟರು ನಮ್ಮ ಸಾಮಾನು ನೋಡಿ, ಮನೆ ಬದಲಾಯಿಸುತ್ತಿದ್ದೀರಾ ಎಂದು ಕೇಳಿದ. ಅಕ್ಕಿ ಮೂಟೆ, ತರಕಾರಿ ಬುಟ್ಟಿ, ಸ್ಟೌ, ಕೊಪ್ಪರಿಗೆ, ಚಟ್ನಿ ಅರೆಯುವ ಕಲ್ಲು. ಜೊತೆಗೆ ಒಂದು ಗೋಣಿ ತೆಂಗಿನಕಾಯಿ! ಕೇರಳದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತೆಂಗಿನಕಾಯಿ ಹೊತ್ತವರು ನಾವೇ ಇರಬೇಕು. "ಇದು ಪುತ್ತೂರಿನ ಕಾಯಿ, ಇದರ ರುಚಿಯೇ ಬೇರೆ" ಎಂದರು ಸುಬ್ರಾಯರು. ನೆಲ್ಲಿ ಕೊಂಬೆಯ ಬಕೆಟ್ಟು ದಾರಿಯುದ್ದಕ್ಕೂ ನನ್ನ ತೊಡೆಯ ಮೇಲಿತ್ತು.

ತಿರುವನಂತಪುರದವರೆಗೆ ಹೋಗುವುದು ಬೇಡ, ವೇಳಿಗೆ ಹತ್ತಿರವೆಂದು ಮೊದಲೇ ಸಿಗುವ ಕಳಕ್ಕೂಟ್ಟಂ ಸ್ಟೇಷನ್ನಿನಲ್ಲಿ ಇಳಿಯೋಣ ಎಂದವರೂ ಸುಬ್ರಾಯರೇ. ಸಣ್ಣ ಸ್ಟೇಷನ್ನು, ರೈಲು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಮಾತ್ರ ನಿಲ್ಲುತ್ತದೆ. "ಮೊದಲು ಭಾರದ್ದು ಇಳಿಸಿ!" ಎಂದು ಅವರು ಅಪ್ಪಣೆ ಮಾಡಿದರು. ಕಲ್ಲು ಇಳಿಯಿತು. ತೆಂಗಿನಕಾಯಿ ಇಳಿಯಿತು. ಜನ ಇಳಿದರು. ಬಕೆಟ್ಟು ಹಿಡಿದುಕೊಂಡು ನಾನಿಳಿದೆ.

"ಅಪ್ಪಾ, ವಂಡಿ ಪೋಯಿ!" ಎಂದು ಅವರ ಮಗಳು ವಿಜಯಾ ಮಲಯಾಳದಲ್ಲಿ ಕೂಗಿದಳು. ವಂಡಿ ನಿಜವಾಗಿಯೂ ಹೋಗಿತ್ತು. ಅದರ ಜೊತೆಗೆ ಅಕ್ಕಿ, ತರಕಾರಿ, ಕೊಪ್ಪರಿಗೆ, ಸ್ಟೌ ಎಲ್ಲವೂ ತಿರುವನಂತಪುರಕ್ಕೆ ಹೋದವು.

ನಟರಾಜ್ ಬಂದು ಸಂಗತಿ ಕೇಳಿದರು. ನಗು ತಡೆದುಕೊಂಡು, "ನಮ್ಮ ರಾಕೆಟ್ಟಿಗೂ ಇಷ್ಟು ಸಾಮಾನು ಬೇಕಾಗಲ್ಲ" ಎಂದು, ಸಾಮಾನು ತರಲು ದೊಡ್ಡ ಸ್ಟೇಷನ್ನಿಗೆ ಬಸ್ಸು ಹಿಡಿದರು. ನಾವು ವೇಳಿಗೆ ಹೋದೆವು. ಸುಬ್ರಾಯರು ನೆಲ್ಲಿ ಕೊಂಬೆಯ ಪಕ್ಕದಲ್ಲಿ ಪೆಚ್ಚುಮೋರೆ ಹಾಕಿ ಕುಳಿತರು. ಮಕ್ಕಳು ಹಸಿವು ಎನ್ನತೊಡಗಿದವು.

ಇಂದುಮತಿ ದಾಕ್ಷಾಯಣಿಯ ಹತ್ತಿರ ಮಾತಾಡಿ ಬಂದರು. "ಗಂಜಿಗೆ ಅಕ್ಕಿ ಇದೆಯಂತೆ, ಹೆಸರುಕಾಳಿನ ಪಲ್ಯ ಮಾಡ್ತಾರಂತೆ. ಮೊದಲೇ ಹೇಳಿದ್ದಿದ್ರೆ ಪಾಯಸಾನೂ ಇರ್ತಿತ್ತು. ಚಟ್ನಿಗೆ ಮಾತ್ರ ಕಾಯಿ ಮುಗಿದುಹೋಗಿದೆಯಂತೆ."

ಸುಬ್ರಾಯರು ಚಂಗನೆ ಎದ್ದರು. "ಕಾಯಿ ಉಂಟು! ಕಲ್ಲೂ ಉಂಟು! ಕೌಸಲ್ಯಾ, ಬೇಗ ಬಾ, ಚಟ್ನಿ ಅರೆ!"

ಕೌಸಲ್ಯಕ್ಕ ಎಲ್ಲಿ? ಸ್ಟೌ ಇಲ್ಲ, ಅಕ್ಕಿ ಇಲ್ಲ, ಅವರಿಗೇನು ಕೆಲಸ? ಅಚ್ಯುತನ್ ಆಗಲೇ ದೋಣಿ ನೂಕಿದ್ದ. ಅವರು ಅದರ ನಡುವೆ ಕಾಲು ಚಾಚಿ ಕುಳಿತು, ಕೈಯನ್ನು ನೀರಿಗೆ ಬಿಟ್ಟು, ಮರಳದಿಬ್ಬದ ಕಡೆಗೆ ಹೋಗುತ್ತಿದ್ದರು. ಗಂಡ ಕೂಗಿದ್ದು ಕೇಳಿಸಿತೋ ಇಲ್ಲವೋ, ತಿರುಗಿ ನೋಡಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ, ಬಕೆಟ್ಟನ್ನು ಕೆಳಗಿಟ್ಟು ಚಪ್ಪಾಳೆ ತಟ್ಟಿದೆ.

ಚಟ್ನಿ ಅರೆದವರು ಸುಬ್ರಾಯರು. ದಾಕ್ಷಾಯಣಿ ಸೊಂಟಕ್ಕೆ ಕೈ ಕೊಟ್ಟು ನಿಂತು, "ಸಾರೇ, ಇನ್ನೂ ನುಣ್ಣಗೆ" ಎಂದು ಅರೆಸಿದರು. ಅರ್ಧ ಮುಗಿಯುವಷ್ಟರಲ್ಲಿ ಸುಬ್ರಾಯರ ಹಣೆಯ ಗಂಧ ಕರಗಿ ಮೂಗಿಗೆ ಬಂತು.

ಕೆಂಪಕ್ಕಿಯ ಗಂಜಿಯ ಮೊದಲ ತುತ್ತು ನುಂಗಿ ಸುಬ್ರಾಯರು ತಟ್ಟೆಯನ್ನೇ ಬಗ್ಗಿ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: "ಇದು ನಮ್ಮ ಅಮ್ಮ ಮಾಡುವ ಕುಚ್ಚಲಕ್ಕಿ ಗಂಜಿಯೇ ಅಲ್ವಾ! ಇಷ್ಟು ವರ್ಷ ಇದನ್ನು ಬಿಟ್ಟು ನಾನು ಎಂತ ಹೊತ್ತುಕೊಂಡು ತಿರುಗಿದ್ದು ಮಾರಾಯ್ರೇ?" ಮತ್ತೆ ಎರಡು ಸಲ ಹಾಕಿಸಿಕೊಂಡರು. ಅವರ ಹೊಟ್ಟೆ ಏನೂ ಹೇಳಲಿಲ್ಲ.

ಸಂಜೆ ನಟರಾಜ್ ಜೀಪಿನಲ್ಲಿ ಎಲ್ಲ ಸಾಮಾನನ್ನೂ ತಂದರು. ಅದೇ ಹೊತ್ತಿಗೆ ದೋಣಿಯೂ ದಡಕ್ಕೆ ಬಂತು, ಅದು ಕೌಸಲ್ಯಕ್ಕನ ಮೂರನೇ ಸುತ್ತು. ಸೀರೆಯ ಅಂಚು ಒದ್ದೆ, ಕೂದಲ ತುಂಬ ಗಾಳಿ. ಜೀಪಿನಲ್ಲಿ ಸ್ಟೌ ಕಂಡದ್ದೇ ತಡ, ದೋಣಿಯಿಂದಲೇ ಹೇಳಿದರು: "ಅದನ್ನು ಕೆಳಗೆ ಇಳಿಸುವುದು ಬೇಡ. ಅದು ಕೂತು ನೋಡಲಿ. ಇಷ್ಟು ವರ್ಷ ನಾನು ಅದನ್ನು ನೋಡಿಲ್ವಾ?"

ಸುಬ್ರಾಯರು ಇಳಿಸಲಿಲ್ಲ. ಅರೆಯುವ ಕಲ್ಲನ್ನು ದಾಕ್ಷಾಯಣಿಗೇ ಕೊಟ್ಟುಬಿಟ್ಟರು. ನೆಲ್ಲಿ ಕೊಂಬೆಯನ್ನು ಅಂಗಡಿಯ ಹಿಂದೆ ನೆಟ್ಟರು. ಅಲ್ಲೇ ಕೂತು ಒಕ್ಕೂಟದ ಊಟಕ್ಕೂ ಒಪ್ಪಿ, ಮುಂದಿನ ಕಾರ್ತಿಕಕ್ಕೆ ಅಲ್ಲಿಯೇ ಎಲ್ಲ ಸಂಘಗಳ ಊಟ, ದೋಣಿ ಎರಡನ್ನೂ ಮೊದಲೇ ಹೇಳಿಟ್ಟರು. ಅಚ್ಯುತನ್ ದೋಣಿ ಮಾರಲಿಲ್ಲ. ಈಗ ಅದಕ್ಕೆ ಹೊಸ ಬಣ್ಣ ಬಂದಿದೆ.

ಓದಿದಿರಲ್ಲ, ಇನ್ನು ಕೇಳಿ. ಈ ರಜೆಗೆ ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗಿ. ಹೊರಡುವ ಮೊದಲು ಆ ಊರಿನ ಸಂಘಕ್ಕೆ ಒಂದು ಕಾರ್ಡು ಹಾಕಿ. ಊಟ ಅಲ್ಲಿಯವರ ಕೈಯಲ್ಲಿ ಉಣ್ಣಿ, ದೋಣಿ ಅಲ್ಲಿಯವರದನ್ನೇ ಹತ್ತಿ, ನಿಮ್ಮ ಎಲೆ ನೀವೇ ಎತ್ತಿ. ನಿಮ್ಮ ಸಂಘ ಇನ್ನೂ ಒಕ್ಕೂಟಕ್ಕೆ ಸೇರಿಲ್ಲವಾದರೆ ಈ ತಿಂಗಳೇ ಸೇರಿಸಿ. ಖಜಾಂಚಿ ಯಾರೆಂದು ಕೇಳಬೇಡಿ, ಆ ಜಾಗ ಖಾಲಿಯಿಲ್ಲ. ದೋಣಿಯಲ್ಲಿ ಮಾತ್ರ ಜಾಗವಿದೆ. ಅದರಲ್ಲಿ ಮೊದಲು ನಿಮ್ಮ ಮನೆಯ ಸ್ಟೌವಿನ ಮುಂದೆ ಕೂತವರನ್ನು ಕೂರಿಸಿ.