ಐದನೆಯ ಹೊಳೆ

ನನ್ನ ಭಾವ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಕಥೆ ಕೇಳಿದ ಮೇಲೆ ನಿಮಗೆ ಹಾಗನ್ನಿಸಲಿಕ್ಕಿಲ್ಲ. ಒಳ್ಳೆಯವರು ಮಾಡುವಷ್ಟು ಅನಾಹುತವನ್ನು ಕೆಟ್ಟವರು ಮಾಡಲಾರರು. ಅಷ್ಟು ಹುಮ್ಮಸ್ಸು ಅವರಿಗೆ ಎಲ್ಲಿಂದ ಬರಬೇಕು?

ನನ್ನದು ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಮಾಡುವ ಅಂಗಡಿ. ಈಗಿನ ಕಾಲದಲ್ಲಿ ಅವನ್ನು ಯಾರು ತರುತ್ತಾರೆ ಎಂದು ಕೇಳಬೇಡಿ, ಮೈ ಉರಿಯುತ್ತದೆ. ತರುವವರು ತರುತ್ತಾರೆ. ಉಳಿದ ಹೊತ್ತಿನಲ್ಲಿ ನಾನು ಹಳೆಯ ಕಂಪ್ಯೂಟರ್ ಆಟಗಳನ್ನು ಉಳಿಸುತ್ತೇನೆ. ಮಾಡಿದವರು ಕೈಬಿಟ್ಟಿರುತ್ತಾರೆ, ಆಡಿದವರು ಮರೆತಿರುತ್ತಾರೆ, ಅಟ್ಟದ ಮೇಲೆ ಧೂಳು ತಿನ್ನುತ್ತಾ ಬಿದ್ದಿರುತ್ತವೆ. ಅಂಥವನ್ನು ಹುಡುಕುವ ಹುಚ್ಚರ ಗುಂಪೇ ಒಂದಿದೆ. ಒಬ್ಬರಿಗೆ ಸಿಕ್ಕಿದ್ದರ ನಕಲನ್ನು ಉಳಿದವರಿಗೆಲ್ಲ ಕಳಿಸುತ್ತೇವೆ. ಒಂದು ಕಡೆ ಹಾಳಾದರೆ ಇನ್ನೊಂದು ಕಡೆಯಾದರೂ ಇರಲಿ ಎಂದು.

ಊರವರ ಆಟಗಳನ್ನೆಲ್ಲ ಉಳಿಸಿದರೂ ನಮ್ಮ ಮನೆಯದನ್ನು ಮುಟ್ಟಲು ಅಕ್ಕ ಬಿಟ್ಟಿರಲಿಲ್ಲ. ಕಾಲೇಜಿನಲ್ಲಿದ್ದಾಗ ಅವಳೇ ಬರೆದ ಆಟ ಅದು. ಹೆಸರು ‘ಹೊಳೆ ದಾಟು’. ಟಿ.ವಿ.ಗೆ ಸಿಕ್ಕಿಸುವ ಪುಟ್ಟ ಕಂಪ್ಯೂಟರಿನಲ್ಲಿ ಆಡಬೇಕು. ಎಡದಂಡೆಯಲ್ಲಿರುವ ದೋಣಿಯನ್ನು, ತೇಲಿಬರುವ ಮರದ ದಿಮ್ಮಿಗಳಿಗೆ ತಾಗದ ಹಾಗೆ ಬಲದಂಡೆ ಸೇರಿಸಬೇಕು. ಒಟ್ಟು ಐದು ಹೊಳೆಗಳು. ಆಗ ಆಟಗಳನ್ನು ಹಾಡಿನ ಕ್ಯಾಸೆಟ್ಟಿನಲ್ಲೇ ತುಂಬಿಡುತ್ತಿದ್ದರು. ಟೇಪ್ ಹಾಕಿದರೆ ‘ಕೀ’ ಎಂದು ಕಿವಿ ಹರಿಯುವಂಥ ಸದ್ದು ಬರುತ್ತಿತ್ತು. ನಮಗೆ ಅದು ಕಿರುಚಾಟ, ಕಂಪ್ಯೂಟರಿಗೆ ಅದೇ ಆಟ.

ಅಕ್ಕನ ಜೀವದ ಗೆಳತಿ ಗಿಡ್ಡಿ. ಕುಳ್ಳಗಿದ್ದಳು, ಅದಕ್ಕೆ ಆ ಹೆಸರು. ನನಗೆ ಗಿಡ್ಡಕ್ಕ. ಒಂದು ಮಧ್ಯಾಹ್ನ ಅವಳು ನಮ್ಮ ಮನೆಯಲ್ಲಿ ಒಬ್ಬಳೇ ಕೂತು ಆಡುತ್ತಿದ್ದವಳು, ಕಾಲೇಜಿನ ಅಂಗಳದ ತನಕ ಓಡಿಹೋಗಿ, “ಐದನೇ ಹೊಳೆ ದಾಟಿದೆ ಕಣೇ” ಎಂದಳು. ಅಕ್ಕ ಎಲ್ಲರೆದುರಿಗೆ, “ಸುಳ್ಳು ಹೇಳಬೇಡ. ಅದನ್ನ ದಾಟೋಕಾಗಲ್ಲ” ಎಂದುಬಿಟ್ಟಳು. ಮನೆಗೆ ಬಾ, ತೋರಿಸು ಎಂದು ಆಮೇಲೆ ಕರೆದರೂ ಗಿಡ್ಡಕ್ಕ ಬರಲಿಲ್ಲ. “ನನ್ನ ಮಾತು ನಂಬದವಳಿಗೆ ತೋರಿಸೋದೇನು” ಎಂದಳಂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಬ್ಬರ ತಲೆಯೂ ನರೆಯಿತು, ಮಾತು ಮಾತ್ರ ಮತ್ತೆ ಹುಟ್ಟಲಿಲ್ಲ.

ಮೊನ್ನೆ ನನ್ನ ಫೋನಿಗೆ ಗಿಡ್ಡಕ್ಕನ ಸಂದೇಶ ಬಂತು. ಅವಳೀಗ ನರ್ಸ್ ಕೆಲಸದಿಂದ ನಿವೃತ್ತಳಾಗಿದ್ದಾಳೆ. “ನೀನು ಹಳೇ ಆಟ ಉಳಿಸ್ತೀಯಂತೆ. ನಿಮ್ಮಕ್ಕನ ಹೊಳೆ ಇನ್ನೂ ಇದೆಯಾ? ಇದ್ದರೆ ಭಾನುವಾರ ಬಂದು ಅವಳ ಕಣ್ಣೆದುರಿಗೇ ದಾಟ್ತೀನಿ. ಮುಂದಿನ ತಿಂಗಳು ಮಗಳ ಜೊತೆ ದೂರ ಹೊರಟಿದೀನಿ, ಮತ್ತೆ ಈ ಕಡೆ ಬರೋದು ಅನುಮಾನ. ಆಟ ಇಲ್ಲ ಅಂದ್ರೆ ಹೇಳಿಬಿಡು, ಬರಲ್ಲ. ಸುಳ್ಳಿ ಅನ್ನಿಸಿಕೊಂಡ ಮನೇಲಿ ಸುಮ್ಮನೆ ಕೂತು ಕಾಫಿ ಕುಡಿಯೋಕೆ ನನ್ನಿಂದ ಆಗಲ್ಲ.”

ಅಕ್ಕ ಅದನ್ನು ಓದಿ ಫೋನನ್ನು ಮೇಜಿನ ಮೇಲೆ ಮಗುಚಿಟ್ಟಳು. ಮತ್ತೆ ಎತ್ತಿಕೊಂಡು ಓದಿದಳು.

“ದಾಟೋಕಾಗಲ್ಲ,” ಎಂದಳು. “ಲೆಕ್ಕ ಹಾಕಿ ಬರೆದವಳು ನಾನು.”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವಳದು. ಅವಳು ಅಡುಗೆಮನೆಗೆ ಹೋದಳು, ಏನೂ ತರದೆ ವಾಪಸು ಬಂದಳು.

“ದಾಟಿದರೆ ನಾನೇ ತಪ್ಪಾಯ್ತು ಅಂತೀನಿ. ಕ್ಯಾಸೆಟ್ ಹುಡುಕು. ಅವಳು ಬರ್ಲಿ.”

ಈಗ ಭಾವನ ವಿಷಯಕ್ಕೆ ಬರುತ್ತೇನೆ. ಮನೆಯ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಅವರು ಕಂಪ್ಯೂಟರಿಗೆ ಹಾಕಿ, ಗರಗರ ಸದ್ದು ತೆಗೆದು ಶುದ್ಧ ಮಾಡುತ್ತಿದ್ದಾರೆ. ಯಾರೂ ಕೇಳಿಕೊಂಡಿರಲಿಲ್ಲ. ಹೊಳೆಯ ಕ್ಯಾಸೆಟ್ ಎಲ್ಲಿ ಎಂದು ಕೇಳಿದೆ.

“ಅದಾ? ಶುರುವಿನಲ್ಲೇ ಕೀ ಅಂತ ಕಿರುಚ್ತಿತ್ತು. ಕೆಟ್ಟುಹೋಗಿದೆ ಅಂತ ಮೊದಲಿನ ಸ್ವಲ್ಪ ಭಾಗ ಶುದ್ಧ ಮಾಡಿದೆ ನೋಡು,” ಎಂದರು ಹೆಮ್ಮೆಯಿಂದ, “ಮಾಡಿದ ಮೇಲೆ ಏನೂ ಉಳೀಲೇ ಇಲ್ಲ. ಖಾಲಿ ಕ್ಯಾಸೆಟ್ ಅಂತ ಗೊತ್ತಾಯ್ತು.”

“ಆ ಕಿರುಚಾಟವೇ ಆಟ, ಭಾವ. ನೀವು ಅಕ್ಕಿ ಎಸೆದು ಕಲ್ಲು ಆರಿಸಿದೀರಿ. ಹೋಗಲಿ, ಕ್ಯಾಸೆಟ್ ಎಲ್ಲಿ?”

ಅವರ ಮುಖ ಇಳಿಯಿತು. “ಖಾಲಿ ಇದೆಯಲ್ಲ ಅಂತ... ನಾನು ಹಾಡು ಅಭ್ಯಾಸ ಮಾಡೋದು ಅದರಲ್ಲೇ.”

ಬಾಯಿಗೆ ಬಂದದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಟೇಪಿನ ಮೇಲೆ ಹೊಸದನ್ನು ತುಂಬಿದರೆ ಹಳೆಯದು ಅಳಿಸಿಹೋಗುತ್ತದೆ ಎಂದು ಹೇಳಿಕೊಡುವ ಅಗತ್ಯವೂ ಇರಲಿಲ್ಲ. ಭಾವ ಆಗಲೇ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಅಕ್ಕ ಅವರನ್ನು ಬೈಯಲಿಲ್ಲ. “ಅವಳಿಗೆ ಇಲ್ಲ ಅಂತ ತಿಳಿಸಿಬಿಡು” ಎಂದು ನನಗೆ ಹೇಳಿ ಕೋಣೆಗೆ ಹೋದಳು. ಬೈದಿದ್ದರೆ ವಾಸಿಯಿತ್ತು.

ಕ್ಯಾಸೆಟ್ಟನ್ನು ಅಂಗಡಿಗೆ ತಂದೆ. ಒಂದು ಆಸೆಯಿತ್ತು. ಟೇಪನ್ನು ನಂಬಬಾರದು ಎಂದು ಆಗಿನವರು ಒಂದೇ ಆಟವನ್ನು ಒಂದರ ಹಿಂದೆ ಒಂದರಂತೆ ಎರಡು ಸಲ ತುಂಬಿಡುತ್ತಿದ್ದರು. ಅಕ್ಕನಿಗೆ ಫೋನ್ ಮಾಡಿ ಕೇಳಿದೆ.

“ಒಂದೇ ಸಲ,” ಎಂದಳು. “ನನ್ನ ಕೆಲಸದ ಮೇಲೆ ನನಗೆ ನಂಬಿಕೆ ಇತ್ತು.”

ಇಂಥವಳನ್ನು ಏನು ಮಾಡೋಣ ಹೇಳಿ. ಆದರೂ ಟೇಪ್ ಹಾಕಿದೆ. ಟೇಪಿನೊಳಗಿಂದ ಭಾವ ಹಾಡತೊಡಗಿದರು. ಅವರಿಗೆ ಬರುವುದು ಒಂದೇ ಹಾಡು. ದಿನಾ ಟೇಪನ್ನು ಮೊದಲಿಗೆ ತಿರುಗಿಸಿ ಅದನ್ನೇ ಹಾಡುತ್ತಾರೆ. ಇನ್ನೊಂದು ಹಾಡು ಕಲಿಯಿರಿ ಎಂದು ನಾವೆಲ್ಲ ಗೋಗರೆದದ್ದುಂಟು. ಪುಣ್ಯಾತ್ಮ ಕಲಿತಿರಲಿಲ್ಲ. ಹಾಡು ಮುಗಿಯಿತು, ಒಂದು ಕೆಮ್ಮು, ‘ಕಟ್’ ಎಂಬ ಸದ್ದು. ಅದರ ಹಿಂದೆಯೇ ಹಳೆಯ ಕಿರುಚಾಟದ ಬಾಲವೊಂದು ಕೇಳಿ ನಿಂತುಹೋಯಿತು. ಮೊದಲ ನಕಲಿನಲ್ಲಿ ಉಳಿದದ್ದು ಅಷ್ಟೇ. ಆಮೇಲೆ ಒಬ್ಬ ಹುಡುಗಿಯ ದನಿ ಬಂತು.

“ಇದು ಎರಡನೇದು. ಅವಳು ಮಾಡಿಡಲ್ಲ, ಜಂಬ. ಹಾಳಾದರೆ ಅಳ್ತಾಳೆ. ಅದಕ್ಕೇ ನಾನು ಮಾಡಿಡ್ತಿದೀನಿ.”

ಗಿಡ್ಡಕ್ಕ. ಅದರ ಬೆನ್ನಿಗೆ ಶುರುವಿನಿಂದ ಕೊನೆಯವರೆಗೆ ‘ಕೀ’. ನನ್ನ ಕಣ್ಣು ತುಂಬಿತು. ಅಂಗಡಿಗೆ ಬಂದಿದ್ದ ಗಿರಾಕಿ ಕಿವಿ ಮುಚ್ಚಿಕೊಂಡು ಹೊರಗೆ ಹೋದ.

ಮೊದಲು ನಕಲು, ಆಮೇಲೆ ಆಟ. ಅದು ನಮ್ಮ ಗುಂಪಿನ ನಿಯಮ. ಟೇಪ್ ರೆಕಾರ್ಡರಿನ ಸಡಿಲವಾದ ಬೆಲ್ಟ್ ಬದಲಿಸಿದೆ. ಟೇಪನ್ನು ಓದುವ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸುತ್ತಾ, ಮಂಕಾಗಿದ್ದ ಸದ್ದು ಚೂಪಾಗುವ ತನಕ ಕಿವಿಗೊಟ್ಟು ಕೂತೆ. ನಕಲು ಮಾಡಿ ಗುಂಪಿಗೆ ಕಳಿಸಿದ ಮೇಲೆಯೇ ಅಕ್ಕನಿಗೆ ತಿಳಿಸಿದ್ದು. ಗಿಡ್ಡಕ್ಕನ ದನಿಯನ್ನು ಫೋನಿನಲ್ಲೇ ಕೇಳಿಸಿದೆ.

“ಅಳ್ತಾಳೆ ಅಂದಳಾ?” ಎಂದಳು. “ನಾನ್ಯಾವತ್ತು ಅತ್ತಿದ್ದೆ?” ಹಾಗೆನ್ನುತ್ತಲೇ ಮೂಗು ಒರೆಸಿಕೊಂಡದ್ದು ಕೇಳಿಸಿತು.

ಭಾನುವಾರ ಗಿಡ್ಡಕ್ಕ ಬಂದಳು. ದಪ್ಪ ಕನ್ನಡಕ, ಅದೇ ಕುಳ್ಳ ದೇಹ. ಇಬ್ಬರೂ ನಕ್ಕರು ಎನ್ನುವ ಹಾಗೆ ತುಟಿ ಅಲುಗಿಸಿದರು, ಅಷ್ಟೇ. ಭಾವ ಕೊಟ್ಟ ಕಾಫಿಯನ್ನು ಅವಳು ಮುಟ್ಟಲಿಲ್ಲ. “ಮೊದಲು ಆಟ” ಎಂದಳು.

ಹಳೆಯ ಕಂಪ್ಯೂಟರಿಗೆ ಟೇಪ್ ಕಿರುಚಿ ಕಿರುಚಿ ಆಟವನ್ನು ಹೇಳಿಕೊಟ್ಟಿತು. ಪರದೆಯ ಮೇಲೆ ನೀಲಿ ಪಟ್ಟಿ, ಅದರ ಎಡಕ್ಕೆ ದೋಣಿ. ಮೊದಲ ನಾಲ್ಕು ಹೊಳೆಗಳನ್ನು ಗಿಡ್ಡಕ್ಕ ಮೆಲ್ಲಗೆ, ಒಂದೆರಡು ಸಲ ಮುಳುಗಿ ದಾಟಿದಳು. ಐದನೆಯದರಲ್ಲಿ ದಿಮ್ಮಿಗಳು ಸಂದಿಲ್ಲದೆ ನುಗ್ಗುತ್ತಿದ್ದವು. ಇದು ಯಾರಿಂದಲೂ ಆಗುವುದಿಲ್ಲ ಎಂದು ನನಗೂ ಅನ್ನಿಸಿತು. ಅಕ್ಕ ಕುರ್ಚಿಯ ತುದಿಗೆ ಬಂದಿದ್ದಳು. ತಾನು ಗೆಲ್ಲಬೇಕೆಂದು ಅವಳು ಕೂತಿರಲಿಲ್ಲ, ತಾನೇ ಸೋಲಬೇಕೆಂದು ಕೂತಿದ್ದಳು.

“ಅವತ್ತು ದಿಮ್ಮಿಗೆ ಹೆದರಿ ಹಿಂದಕ್ಕೆ ಒತ್ತಿದೆ,” ಎಂದಳು ಗಿಡ್ಡಕ್ಕ. “ಒತ್ತುತ್ತಾನೇ ಇದ್ದೆ. ಹೀಗೆ.”

ದೋಣಿ ಎಡದಂಡೆಗೆ ವಾಪಸಾಯಿತು. ದಂಡೆಯನ್ನೂ ದಾಟಿ ಪರದೆಯ ಎಡ ಅಂಚಿನಲ್ಲಿ ಮರೆಯಾಯಿತು. ಮರುಗಳಿಗೆ ಬಲ ಅಂಚಿನಿಂದ ಇಣುಕಿ ಬಲದಂಡೆಯಲ್ಲಿ ನಿಂತಿತು. ಗೆದ್ದ ಸಂಗೀತ ಕೀಚಲಾಗಿ ಮೊಳಗಿತು.

ಅಕ್ಕ ಬಾಯಿ ತೆರೆದು ನೋಡುತ್ತಿದ್ದಳು. ಅವಳ ಲೆಕ್ಕದಲ್ಲಿ ಹೊಳೆಗೆ ದಿಮ್ಮಿಗಳ ಬೇಲಿಯಿತ್ತು, ಪರದೆಯ ಅಂಚಿಗೆ ಹಾಕಿರಲಿಲ್ಲ. ದಾಟಲು ಹೊರಟವರು ಹಿಂದಕ್ಕೆ ಹೋದಾರೆಂದು ಅವಳಿಗೆ ಹೊಳೆದೇ ಇರಲಿಲ್ಲ.

“ನೋಡಿದೆಯಲ್ಲ. ಸುಳ್ಳಲ್ಲ,” ಎನ್ನುತ್ತಾ ಗಿಡ್ಡಕ್ಕ ಚೀಲ ಎತ್ತಿಕೊಂಡು ಎದ್ದಳು.

ಅಕ್ಕ ಅವಳ ಕೈ ಹಿಡಿದು ಜಗ್ಗಿದಳು. “ಕೂತ್ಕೋ. ಇನ್ನೂ ಮುಗಿದಿಲ್ಲ.”

ಸಂಗೀತ ನಿಂತು ಪರದೆ ಕಪ್ಪಾಯಿತು. ಆ ಯಂತ್ರಕ್ಕೆ ನಮ್ಮ ಅಕ್ಷರ ಗೊತ್ತಿರಲಿಲ್ಲ. ಅಕ್ಕ ಒಂದೊಂದೇ ಚುಕ್ಕಿ ಇಟ್ಟು ಬರೆಸಿದ್ದಳು. ಚುಕ್ಕಿಗಳು ನಿಧಾನವಾಗಿ ಕೂಡಿಕೊಂಡವು.

‘ಈ ಆಟ ನನ್ನ ಗಿಡ್ಡಿಗೆ.’

“ಇದು ಮುಂಚೆ ಕಾಣಬಾರದು ಅಂತಲೇ ದಾಟೋಕಾಗದ ಹಾಗೆ ಬರೆದಿದ್ದೆ. ನಿನ್ನ ಹುಟ್ಟಿದ ದಿನ ನೀರಿನ ವೇಗ ತಗ್ಗಿಸಿ ಆಡಿಸೋಣ ಅಂತಿದ್ದೆ,” ಎಂದಳು ಅಕ್ಕ. “ನೀನು ದಾಟಿದೆ ಅಂದೆ, ಇದರ ಬಗ್ಗೆ ಒಂದು ಮಾತೂ ಆಡಲಿಲ್ಲ. ದಾಟಿದ್ದರೆ ನೀನು ಇದನ್ನ ನೋಡಿರ್ತಿದ್ದೆ, ನೋಡಿದ್ದರೆ ನಂಗೆ ಹೇಳ್ತಿದ್ದೆ. ಅದಕ್ಕೇ ನಾನು ಸುಳ್ಳು ಅಂದೆ. ತಪ್ಪಾಯ್ತು ಕಣೇ.”

ಗಿಡ್ಡಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು, ಹಾಕಿಕೊಂಡು ಮತ್ತೊಮ್ಮೆ ಓದಿದಳು.

“ನೋಡೋಕೆ ನಾನೆಲ್ಲಿ ನಿಂತಿದ್ದೆ?” ಎಂದಳು. “ಸಂಗೀತ ಕೇಳಿದ ತಕ್ಷಣ ನಿಂಗೆ ಹೇಳೋಕೆ ಓಡಿಬಂದೆನಲ್ಲೇ.”

ಭಾವ ಆರಿದ ಕಾಫಿಯನ್ನು ಒಳಗೆ ತೆಗೆದುಕೊಂಡು ಹೋಗಿ ಬಿಸಿ ಮಾಡಿ ತಂದರು. ಈ ಸಲ ಅವಳು ಕುಡಿದಳು.